ಗುಡ್ಡೆಗೆ ಬಿಟ್ಟ ದನದ ಲೆಕ್ಕ

"ದಿನಕ್ಕೆ ಹಸಿಹುಲ್ಲು ಎಷ್ಟು ಕೆಜಿ ಹಾಕ್ತೀರಿ?" ಕಿನ್ನಿಗೋಳಿ ಹತ್ತಿರ ನಮ್ಮ ದೊಡ್ಡಮ್ಮನ ದನದ ಹಟ್ಟಿಯಲ್ಲಿ, ಮೇವಿನ ಲೆಕ್ಕ ಹೇಳುವ ಆ್ಯಪ್ ತೆರೆದ ಮೊಬೈಲು ಹಿಡಿದು ನಿಂತಿದ್ದ ಹುಡುಗ ಕೇಳಿದ. "ಅದು ಗುಡ್ಡೆಗೆ ಹೋಗಿ ಮೇಯುವ ದನ ಮಾರಾಯಾ, ನಾನು ತಕ್ಕಡಿ ಹಿಡ್ಕೊಂಡು ಹಿಂದೆ ಹೋಗುದಾ?" ಹುಡುಗ ಅಂದಾಜಿಗೆ ಹತ್ತು ಎಂದು ಒತ್ತಿ ಮುಂದಿನ ಪ್ರಶ್ನೆಗೆ ಹೋದ.

ಈ ಪೇಚು ಹೊಸತಲ್ಲ. ದಕ್ಷಿಣ ಕನ್ನಡ, ಉಡುಪಿಯಲ್ಲಿ ಮೇವಿನ ಮಾತು ಶುರುವಾಗುವುದೇ ಕುಮ್ಕಿಯಿಂದ. ಹಳೆಯ ವರ್ಗ ಜಾಗದ, ಅಂದರೆ ಪಟ್ಟಾ ಜಮೀನಿನ, ಗಡಿಯಿಂದ 100 ಗಜದೊಳಗಿನ ಸರ್ಕಾರಿ ಭೂಮಿಯಲ್ಲಿ ದನ ಮೇಯಿಸಲು, ಸೊಪ್ಪು ತರಲು, ಮನೆಗೂ ಬೇಸಾಯಕ್ಕೂ ಬೇಕಾದ ಮರ ಕಡಿಯಲು ವರ್ಗದಾರನಿಗಿದ್ದ ಸವಲತ್ತು ಅದು. ಒಡೆತನವಲ್ಲ, ಸಹಾಯ; ನಮ್ಮ 'ಕುಮ್ಮಕ್ಕು' ಕೂಡ ಅದೇ ಬಳಗದ ಮಾತು. ಬ್ರಿಟಿಷರ ಕಾಲದ ಈ ಸವಲತ್ತನ್ನು 1964ರ ಭೂಕಂದಾಯ ಕಾಯ್ದೆಯ 79ನೇ ಕಲಂ ಉಳಿಸಿಕೊಂಡಿತು. 1966ರ ನಿಯಮಾವಳಿ ಗೋಮಾಳಕ್ಕೆ ಅಳತೆಯನ್ನೂ ಕೊಟ್ಟಿತು: 100 ಜಾನುವಾರಿಗೆ 12 ಹೆಕ್ಟೇರ್. ತಲೆಗೆ ಸುಮಾರು 30 ಸೆಂಟ್ಸ್.

ಈ 30 ಸೆಂಟ್ಸನ್ನು ಸ್ವಲ್ಪ ಉಜ್ಜಿ ನೋಡಿ. ದನ ದಿನಕ್ಕೆ ತನ್ನ ತೂಕದ ನೂರಕ್ಕೆ ಎರಡೂವರೆ ಪಾಲಿನಷ್ಟು ಒಣಮೇವು ತಿನ್ನುತ್ತದೆ ಎಂದಿಟ್ಟುಕೊಳ್ಳೋಣ. ನಮ್ಮ ಕಡೆಯ ಕುಳ್ಳ ತಳಿ ಮಲೆನಾಡು ಗಿಡ್ಡ 100 ಕೆಜಿ ತೂಗಿದರೆ ಅದಕ್ಕೆ ಎರಡೂವರೆ ಕೆಜಿ, ವರ್ಷಕ್ಕೆ 900 ಕೆಜಿ ದಾಟುತ್ತದೆ. ಹುಲ್ಲು ಮತ್ತೆ ಚಿಗುರಬೇಕಾದರೆ ಅರ್ಧ ಉಳಿಸಬೇಕು. ಅಲ್ಲಿಗೆ 30 ಸೆಂಟ್ಸಿನಲ್ಲಿ 1,800 ಕೆಜಿ, ಅಂದರೆ ಹೆಕ್ಟೇರಿಗೆ 15 ಟನ್ ಒಣಹುಲ್ಲು ಬೆಳೆಯಬೇಕು. ಮುರಕಲ್ಲಿನ ಪದವಿನಲ್ಲಿ, ಅಂದರೆ ಗುಡ್ಡೆಯ ಮೇಲಿನ ಬಯಲಿನಲ್ಲಿ, ಅದು ಆಗುವ ಮಾತಲ್ಲ. ಮಳೆಗಾಲದಲ್ಲಿ ಹಸಿರು ಉಕ್ಕುತ್ತದೆ, ಡಿಸೆಂಬರಿಗೆ ಮುಳಿಹುಲ್ಲು ಕಡ್ಡಿಯಾಗುತ್ತದೆ. ಗುಡ್ಡೆಯೊಂದೇ ದನವನ್ನು ಸಾಕಲಿಲ್ಲ. ಕೊಯ್ಲಾದ ಗದ್ದೆ, ಬೈಹುಲ್ಲು, ಅಕ್ಕಚ್ಚು ಸೇರಿ ಸಾಕಿದವು.

ಆಮೇಲೆ ದನವೇ ಬದಲಾಯಿತು. 1986ರಲ್ಲಿ ದಕ್ಷಿಣ ಕನ್ನಡ ಹಾಲು ಒಕ್ಕೂಟ ಬಂತು, ಹಟ್ಟಿಗಳಿಗೆ ಜೆರ್ಸಿ, ಎಚ್‌ಎಫ್ (ಹೋಲ್‌ಸ್ಟೈನ್ ಫ್ರೀಸಿಯನ್) ಮಿಶ್ರತಳಿ ಬಂದವು. 400 ಕೆಜಿಯ ದನಕ್ಕೆ ದಿನಕ್ಕೆ ಹತ್ತು ಕೆಜಿ ಒಣಮೇವು ಬೇಕು. ನಿಯಮದ ಕಣ್ಣಿಗೆ ಮಾತ್ರ ಗಿಡ್ಡವೂ ಒಂದು ತಲೆ, ಎಚ್‌ಎಫ್ ಕೂಡ ಒಂದು ತಲೆ. ಪದವುಗಳಲ್ಲಿ ಅಕೇಶಿಯಾ ಎದ್ದಿತು, ಅದರಡಿ ಹುಲ್ಲಿಗೆ ಬಿಸಿಲಿಲ್ಲ. ಕುಮ್ಕಿ ಅಡಿಕೆ, ರಬ್ಬರ್ ತೋಟವಾಯಿತು. ಗದ್ದೆ ಪಾಳು ಬಿದ್ದು ಬೈಹುಲ್ಲು ಘಟ್ಟದ ಮೇಲಿನಿಂದ ಲಾರಿಯಲ್ಲಿ ಇಳಿಯತೊಡಗಿತು.

ಮೊಬೈಲು ಬಂದದ್ದು ಇಷ್ಟೆಲ್ಲ ಆದ ಮೇಲೆ. 2012ರಲ್ಲಿ ಆರಂಭವಾದ ರಾಷ್ಟ್ರೀಯ ಡೇರಿ ಯೋಜನೆಯಲ್ಲಿ ಆಹಾರ ಸಮತೋಲನದ ಸಲಹೆ, ಅಂದರೆ ಯಾವ ದನಕ್ಕೆ ಯಾವ ಮೇವು ಎಷ್ಟು ಎಂಬ ಲೆಕ್ಕ, ಸೇರಿತ್ತು. 2020ರಲ್ಲಿ ದನ ಸಾಕುವವರಿಗೆಂದು ಕೇಂದ್ರ ಸರ್ಕಾರದ ಇ-ಗೋಪಾಲ ಆ್ಯಪ್ ಬಂತು. ಕಟ್ಟಿ ಹಾಕುವ ದನಕ್ಕೆ ಈ ಬಗೆಯ ಲೆಕ್ಕ ನಿಜಕ್ಕೂ ಉಪಕಾರಿ. ಹಿಂಡಿಯ ದುಂದು ತಪ್ಪುತ್ತದೆ. ಆದರೆ ಅದಕ್ಕೆ ಗೊತ್ತಾಗುವುದು ನಾವು ಮುಂದಿಟ್ಟದ್ದು ಮಾತ್ರ. ಅಮೆರಿಕದ ರ‍್ಯಾಂಚುಗಳಲ್ಲಿ ಉಪಗ್ರಹ ನೋಡಿ ಹುಲ್ಲು ಅಂದಾಜಿಸುವ ಸಾಧನಗಳಿವೆ, ನಿಜ. ಅಲ್ಲಿ ಬೇಲಿಯೊಳಗಿನ ಹುಲ್ಲು ಯಾರ ದನಕ್ಕೆಂದು ಗೊತ್ತಿರುತ್ತದೆ. ಇಲ್ಲಿ ಒಂದೇ ಗುಡ್ಡೆಗೆ ಹತ್ತು ಮನೆಯ ದನ. ನನ್ನನ್ನು ಕೇಳಿದರೆ, ಇಲ್ಲಿನ ಸಾಧನ ಹಟ್ಟಿಯಿಂದಲ್ಲ, ಊರಿನ ಗುಡ್ಡೆಯಿಂದ ಲೆಕ್ಕ ಶುರುಮಾಡಬೇಕು: ಎಷ್ಟು ಉಳಿದಿದೆ, ಯಾವ ತಿಂಗಳು, ಎಷ್ಟು ತೂಕದ ದನ.

ಸಂಜೆ ದನ ಗುಡ್ಡೆಯಿಂದ ಇಳಿದಾಗ ದೊಡ್ಡಮ್ಮ ಅದರ ಎಡಬದಿಗೆ ಹೋದರು. ಕೊನೆಯ ಪಕ್ಕೆಲುಬಿನ ಹಿಂದಿನ ಗುಳಿಗೆ ಅಂಗೈ ಒತ್ತಿದರು. ಪಶುವೈದ್ಯರೂ ಹೊಟ್ಟೆ ತುಂಬಿದೆಯೇ ಎಂದು ನೋಡುವುದು ಅಲ್ಲೇ. ಗುಳಿ ಇನ್ನೂ ಒಳಗಿತ್ತು. ಮತ್ತೊಂದು ತೆಕ್ಕೆ ಬೈಹುಲ್ಲು ಹಾಕಿದರು.