ಒಂದಕ್ಷರ ತಿದ್ದಿದರೂ ಇಡೀ ತೋರಾ ಬರೆದಂತೆ

ಯೆಹೂದಿ ಧರ್ಮಶಾಸ್ತ್ರದ 613 ವಿಧಿಗಳನ್ನು ಗ್ರಂಥದ ಕ್ರಮದಲ್ಲಿ ಎಣಿಸಿದರೆ ಕೊನೆಯದು ಇದು: ಪ್ರತಿಯೊಬ್ಬ ಪುರುಷನೂ ತನಗಾಗಿ ಒಂದು ತೋರಾ (ಮೋಶೆಯ ಐದು ಗ್ರಂಥಗಳು) ಸುರುಳಿಯನ್ನು ಬರೆದುಕೊಳ್ಳಬೇಕು. ಹೇಳಿದಷ್ಟು ಸುಲಭವಲ್ಲ. ಸುರುಳಿಯಲ್ಲಿರುವುದು 3,04,805 ಅಕ್ಷರಗಳು. ಶುದ್ಧವೆನಿಸಿದ ಪ್ರಾಣಿಯ ಚರ್ಮವನ್ನು ಇದಕ್ಕೆಂದೇ ಹದಮಾಡಿ, ಗೆರೆ ಕೊರೆದು, ಕಪ್ಪು ಶಾಯಿಯಲ್ಲಿ ಬರೆಯಬೇಕು. ಬಾಯಿಪಾಠ ಬಂದರೂ ನೆನಪಿನಿಂದ ಬರೆಯುವಂತಿಲ್ಲ, ಕಣ್ಣೆದುರು ಮೂಲಪ್ರತಿ ಇರಲೇಬೇಕು. ಒಂದಕ್ಷರ ಬಿಟ್ಟುಹೋದರೂ ಸುರುಳಿ ಪಠನಕ್ಕೆ ಅನರ್ಹ. ಸೋಫರ್ ಎಂಬ ನುರಿತ ಲಿಪಿಕಾರನಿಗೇ ಇದು ಸುಮಾರು ಒಂದು ವರ್ಷದ ಕೆಲಸ. ಹಾಗಾಗಿ, ಬರೆಯಲಾರದವನು ಬರೆದಂತಾಗುವುದು ಹೇಗೆ ಎಂಬ ಜಿಜ್ಞಾಸೆಯೇ ಈ ವಿಧಿಯ ಇತಿಹಾಸದ ಬಹುಭಾಗ.

ಮೂಲ ವಚನ ಧರ್ಮೋಪದೇಶಕಾಂಡದಲ್ಲಿದೆ (31:19): ಈ ಹಾಡನ್ನು ಬರೆದುಕೊಂಡು ಇಸ್ರಾಯೇಲ್ಯರಿಗೆ ಕಲಿಸಿರಿ. ಕೇಳಿದ್ದು ಅದರ ಮುಂದಿನ ಅಧ್ಯಾಯದಲ್ಲಿರುವ ಮೋಶೆಯ ಹಾಡನ್ನು ಮಾತ್ರ. ಆದರೆ ತೋರಾವನ್ನು ಬಿಡಿಬಿಡಿಯಾಗಿ ಬರೆಯಬಾರದು, ಆದ್ದರಿಂದ ಹಾಡು ಬೇಕೆಂದರೆ ಇಡೀ ಗ್ರಂಥವನ್ನೇ ಬರೆಯಬೇಕು ಎಂದು 12ನೇ ಶತಮಾನದ ಯೆಹೂದಿ ಧರ್ಮಪಂಡಿತ ಮೈಮೊನಿಡೀಸ್ ವಿವರಿಸಿದರು. ಪಿತ್ರಾರ್ಜಿತ ಸುರುಳಿ ಇದ್ದರೂ ಸ್ವಂತದ್ದೊಂದನ್ನು ಬರೆಯಬೇಕೆಂಬುದು ಪ್ರಾಚೀನ ಪಂಡಿತರ ಚರ್ಚೆಗಳ ಸಂಗ್ರಹವಾದ ತಾಲ್ಮುದಿನ ಮಾತು. ಸಂತೆಯಲ್ಲಿ ಕೊಂಡವನು ಪುಣ್ಯವನ್ನು ಸಂತೆಯಿಂದ ಕಸಿದುಕೊಂಡವನಂತೆ, ಬರೆದವನು ಸೀನಾಯ್ ಬೆಟ್ಟದಲ್ಲೇ ಅದನ್ನು ಪಡೆದವನಂತೆ ಎಂದೂ ತಾಲ್ಮುದ್ ಹೇಳುತ್ತದೆ. ಅಲ್ಲೇ ಒಂದು ರಿಯಾಯಿತಿಯೂ ಇದೆ: ಒಂದೇ ಒಂದು ಅಕ್ಷರವನ್ನು ತಿದ್ದಿದವನೂ ಪೂರ್ತಿ ಬರೆದವನಿಗೆ ಸಮ.

16ನೇ ಶತಮಾನದಲ್ಲಿ ಪೋಲೆಂಡಿನ ಕ್ರಾಕೌ ನಗರದ ರಬ್ಬಿ (ಧರ್ಮಗುರು) ಮೋಶೆ ಇಸ್ಸರ್ಲಿಸ್ ಈ ಎಳೆಯನ್ನು ಹಿಡಿದರು. ಕೂಲಿ ಕೊಟ್ಟು ಸೋಫರನಿಂದ ಬರೆಸಿದರೂ ಸರಿ, ತಪ್ಪಿರುವ ಸುರುಳಿ ಕೊಂಡು ತಿದ್ದಿಸಿದರೂ ಸರಿ. ತಿದ್ದದೆ ಸುಮ್ಮನೆ ಕೊಂಡರೆ ವಿಧಿ ನೆರವೇರದು. ದೋಷವಿಲ್ಲದ ಸುರುಳಿಗಿಂತ ದೋಷವಿದ್ದದ್ದನ್ನು ಕೊಂಡವನೇ ಇಲ್ಲಿ ಜಾಣ!

ನನಗೆ ಎಲ್ಲಕ್ಕಿಂತ ದಿಟ್ಟವಾಗಿ ಕಾಣುವುದು ಟೊಲೆಡೊದಲ್ಲಿ 1327ರಲ್ಲಿ ತೀರಿಕೊಂಡ ರಬ್ಬಿ ಆಶೇರ್ ಬೆನ್ ಯೆಹೀಲ್ ಅವರ ತೀರ್ಮಾನ. ಈಗ ಸುರುಳಿಗಳು ಸಾರ್ವಜನಿಕ ಪಠನಕ್ಕೆಂದು ಸಿನಗಾಗ್‌ನಲ್ಲಿರುತ್ತವೆ. ಅವುಗಳಿಂದ ಯಾರೂ ಕಲಿಯುತ್ತಿಲ್ಲ. ವಚನದ ಉದ್ದೇಶ ಕಲಿಕೆಯಾದ್ದರಿಂದ ಕಲಿಯಲೆಂದೇ ಪಂಚಗ್ರಂಥ (ತೋರಾದ ಐದು ಭಾಗಗಳು), ಮಿಶ್ನಾ (ತಾಲ್ಮುದಿನ ಮೂಲಪಾಠ), ತಾಲ್ಮುದ್, ವ್ಯಾಖ್ಯಾನಗಳನ್ನು ಬರೆಯುವುದೇ ಇಂದಿನ ವಿಧಿ ಎಂದರು ಅವರು. ಹಾಗಾದರೆ ಸುರುಳಿ ಬೇಡವೇ? ಬೇಡವೆಂದೇ ಓದಿದವರು ರಬ್ಬಿ ಯೆಹೋಶುವಾ ಫಾಲ್ಕ್. ಸುರುಳಿಯ ಜೊತೆಗೆ ಪುಸ್ತಕಗಳೂ ಬೇಕೆಂಬುದಷ್ಟೇ ಅದರ ಅರ್ಥ ಎಂದರು 16ನೇ ಶತಮಾನದ ಧರ್ಮಶಾಸ್ತ್ರಕಾರ ಯೋಸೇಫ್ ಕಾರೋ. ಈ ವಾದ ಇಂದಿಗೂ ಮುಗಿದಿಲ್ಲ.

18ನೇ ಶತಮಾನದ ರಬ್ಬಿ ಆರ್ಯೇ ಲೇಬ್ ಬುಡಕ್ಕೇ ಕೈಹಾಕಿದರು. ಕೆಲವು ಪದಗಳಲ್ಲಿ ದೀರ್ಘಸೂಚಕ ಅಕ್ಷರ ಇರಬೇಕೋ ಬೇಡವೋ ಎಂಬುದು ತಮಗೆ ಖಚಿತವಿಲ್ಲವೆಂದು ತಾಲ್ಮುದಿನ ಪಂಡಿತರೇ ಒಪ್ಪಿಕೊಂಡಿದ್ದಾರೆ; ಅಂದಮೇಲೆ ನಿರ್ದುಷ್ಟ ಸುರುಳಿ ಯಾರಿಂದ ಸಾಧ್ಯ, ಸಾಧ್ಯವಿಲ್ಲದ್ದನ್ನು ಕಡ್ಡಾಯ ಮಾಡುವುದು ಹೇಗೆ ಎಂದು ಕೇಳಿದರು. ಯೆಮನ್ ಯೆಹೂದಿಗಳ ಸುರುಳಿಗೂ ಯೂರೋಪಿನವರ ಸುರುಳಿಗೂ ಇಂದಿಗೂ ಬೆರಳೆಣಿಕೆಯಷ್ಟು ಅಕ್ಷರಗಳ ವ್ಯತ್ಯಾಸವಿದೆ. ಆದರೂ ಆರ್ಯೇ ಲೇಬ್ ಮಾತಿಗೆ ಸುರುಳಿ ಬರೆಸುವುದು ನಿಲ್ಲಲಿಲ್ಲ.

ಒಂದು ಸುರುಳಿಗೆ ಹತ್ತಾರು ಸಾವಿರ ಡಾಲರ್ ಬೀಳುವುದರಿಂದ ಈಗ ಸಮುದಾಯಗಳು ಅಕ್ಷರಗಳನ್ನೇ ಹಂಚಿ ಹಣ ಕೂಡಿಸುತ್ತವೆ. 1981ರಲ್ಲಿ ಆರಂಭವಾದ ಮಕ್ಕಳ ಸುರುಳಿ ಅಭಿಯಾನದಲ್ಲಿ ಅಕ್ಷರಕ್ಕೆ ಒಂದು ಡಾಲರ್. ಪಾಲುದಾರಿಕೆಯಿಂದ ವಿಧಿ ನೆರವೇರುತ್ತದೆಯೇ ಎಂಬುದರಲ್ಲಿ ಒಮ್ಮತವಿಲ್ಲ. ಸಮಾಪ್ತಿಯ ದಿನಕ್ಕೆಂದು ಸೋಫರ್ ಕೊನೆಯ ಕೆಲವು ಅಕ್ಷರಗಳ ಹೊರರೇಖೆಯನ್ನಷ್ಟೇ ಬರೆದಿಟ್ಟಿರುತ್ತಾನೆ. ಅತಿಥಿಗಳು ಅದರೊಳಗೆ ಶಾಯಿ ತುಂಬುತ್ತಾರೆ. ಆದರೆ ಯಾರು ಬರೆಯಬಹುದು ಎಂಬುದಕ್ಕೂ ತಾಲ್ಮುದಿನ ನಿಯಮಗಳುಂಟು. ಅದಕ್ಕೇ ಅನೇಕ ಸೋಫರರು ಲೇಖನಿಯನ್ನು ಕೈಬಿಡದೆ, ಅತಿಥಿಯು ತಮ್ಮ ಕೈ ಮುಟ್ಟಿ ನಿಂತಿರುವಾಗ ತಾವೇ ಅಕ್ಷರವನ್ನು ತುಂಬಿಬಿಡುತ್ತಾರೆ.