ಒಂದು ಕೇಬಲ್ ಚುಚ್ಚಿದ್ದಕ್ಕೆ ಇಡೀ ಆಫೀಸಿನ ನೆಟ್‌ವರ್ಕ್ ಮಲಗಿದ್ದೇಕೆ?

ಪ್ರಶ್ನೆ: ಮೇಜಿನ ಕೆಳಗೆ ಬಿದ್ದಿದ್ದ ಕೇಬಲ್ಲಿನ ತುದಿಯನ್ನು ಯಾರೋ ಗೋಡೆಯ ಸಾಕೆಟ್ಟಿಗೆ ಚುಚ್ಚಿದರು. ಸ್ವಲ್ಪ ಹೊತ್ತಿಗೆ ಎಲ್ಲರ ಇಂಟರ್ನೆಟ್ ಹೋಯಿತು, ಪ್ರಿಂಟರ್ ಕೂಡ ಸಿಗಲಿಲ್ಲ. ಒಂದೇ ಕೇಬಲ್ಲಿನಿಂದ ಇಷ್ಟೆಲ್ಲ ಆಗುತ್ತದೆಯೇ?

ಉತ್ತರ: ಆಗುತ್ತದೆ. ಆ ಕೇಬಲ್ಲಿನ ಇನ್ನೊಂದು ತುದಿ ಮೊದಲೇ ಅದೇ ನೆಟ್‌ವರ್ಕಿನಲ್ಲಿತ್ತು. ಎರಡನೆಯದೂ ಸೇರಿದಾಗ ಲೂಪ್, ಅಂದರೆ ಕೊನೆಯಿಲ್ಲದ ಸುತ್ತುದಾರಿ ಆಯಿತು.

ಆಫೀಸಿನ ಕೇಬಲ್‌ಗಳನ್ನೆಲ್ಲ ಜೋಡಿಸುವ ಪೆಟ್ಟಿಗೆಯೇ ಸ್ವಿಚ್. ಯಾವ ಮ್ಯಾಕ್ ವಿಳಾಸ (ಸಾಧನದ ನೆಟ್‌ವರ್ಕ್ ಕಾರ್ಡಿನ ಗುರುತು) ಯಾವ ಪೋರ್ಟಿನ ಕಡೆಗಿದೆ ಎಂದು ಅದು ತನ್ನ ಟೇಬಲ್ಲಿನಲ್ಲಿ ಬರೆದುಕೊಳ್ಳುತ್ತದೆ. ಆದರೆ ಬ್ರಾಡ್‌ಕಾಸ್ಟ್ ಫ್ರೇಮನ್ನು, ಅಂದರೆ ಎಲ್ಲರಿಗೂ ಕಳಿಸಿದ ಸಂದೇಶದ ತುಣುಕನ್ನು, ಅದು ಬಂದ ಪೋರ್ಟ್ ಬಿಟ್ಟು ಉಳಿದೆಲ್ಲಕ್ಕೂ ಹಂಚುತ್ತದೆ. '192.168.1.1 ಯಾರದು?' ಎಂದು ಒಂದು ಕಂಪ್ಯೂಟರ್, ಐಪಿ ವಿಳಾಸದಿಂದ ಮ್ಯಾಕ್ ವಿಳಾಸ ಹುಡುಕುವ ಎಆರ್‌ಪಿಯಲ್ಲಿ ಕೇಳಿತೆನ್ನಿ. ಆ ಫ್ರೇಮ್ ಲೂಪಿನ ಒಂದು ತುದಿಯಿಂದ ಹೊರಟು ಇನ್ನೊಂದರಿಂದ ಒಳಬರುತ್ತದೆ, ಸ್ವಿಚ್ ಅದನ್ನು ಹೊಸದೆಂದುಕೊಂಡು ಮತ್ತೆ ಹಂಚುತ್ತದೆ. ಐಪಿ ಪ್ಯಾಕೆಟ್ಟಿಗಾದರೆ ಟಿಟಿಎಲ್ ಎಂಬ ಆಯುಸ್ಸಿನ ಎಣಿಕೆ ಇದೆ: ರೂಟರ್ ದಾಟಿದಾಗಲೆಲ್ಲ ಒಂದು ಕಡಿಮೆಯಾಗಿ, ಸೊನ್ನೆಗಿಳಿದರೆ ಪ್ಯಾಕೆಟ್ ಬಿದ್ದುಹೋಗುತ್ತದೆ. ಈಥರ್ನೆಟ್ ಫ್ರೇಮಿಗೆ ಅಂಥ ಎಣಿಕೆಯೇ ಇಲ್ಲ, ಸುತ್ತುತ್ತಲೇ ಇರುತ್ತದೆ. ಜೊತೆಗೆ ಒಂದೇ ಮ್ಯಾಕ್ ವಿಳಾಸ ಒಮ್ಮೆ ಈ ಪೋರ್ಟಿನಲ್ಲಿ, ಒಮ್ಮೆ ಆ ಪೋರ್ಟಿನಲ್ಲಿ ಕಂಡು ಟೇಬಲ್ಲೂ ಕೆಡುತ್ತದೆ. ಸ್ವಿಚ್ಚಿನ ದೀಪಗಳೆಲ್ಲ ಒಟ್ಟಿಗೆ, ಬಿಡುವಿಲ್ಲದೆ ಮಿಣುಗುತ್ತಿದ್ದರೆ ಮೊದಲು ಲೂಪನ್ನೇ ಶಂಕಿಸಿ. ಕೊನೆಗೆ ಚುಚ್ಚಿದ ಕೇಬಲ್ ಕೀಳಿ. ಕೆಲವೇ ಕ್ಷಣಗಳಲ್ಲಿ ಶಾಂತವಾಗುತ್ತದೆ.

ಇದನ್ನು ತಡೆಯಲೆಂದೇ 1985ರಲ್ಲಿ ಡಿಜಿಟಲ್ ಎಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನಲ್ಲಿದ್ದ ರೇಡಿಯಾ ಪರ್ಲ್‌ಮನ್ ಸ್ಪ್ಯಾನಿಂಗ್ ಟ್ರೀ ಎಂಬ ವಿಧಾನ ರೂಪಿಸಿದರು. ಸ್ವಿಚ್‌ಗಳು 2 ಸೆಕೆಂಡಿಗೊಮ್ಮೆ ಬಿಪಿಡಿಯು ಎಂಬ ಸಂದೇಶ ಹರಿಸಿ ಒಂದು ಸ್ವಿಚ್ಚನ್ನು ರೂಟ್, ಅಂದರೆ ಎಲ್ಲಕ್ಕೂ ಕೇಂದ್ರ, ಮಾಡಿಕೊಳ್ಳುತ್ತವೆ, ಅದಕ್ಕೆ ಹೋಗುವ ಅಗ್ಗದ, ಅಂದರೆ ಬೇಗ ತಲುಪಿಸುವ, ದಾರಿಗಳನ್ನು ಉಳಿಸಿಕೊಂಡು ಹೆಚ್ಚುವರಿ ದಾರಿಯ ಪೋರ್ಟ್ ಮುಚ್ಚುತ್ತವೆ. ಪ್ರಯಾರಿಟಿ ಸಂಖ್ಯೆ ಕಡಿಮೆಯಿದ್ದದ್ದೇ ರೂಟ್. ಎಲ್ಲವೂ ಡಿಫಾಲ್ಟ್ 32768ರಲ್ಲೇ ಇದ್ದರೆ ಚಿಕ್ಕ ಮ್ಯಾಕ್ ವಿಳಾಸದ್ದು ಗೆಲ್ಲುತ್ತದೆ. ಅದು ಮೂಲೆಯಲ್ಲಿ ಧೂಳು ತಿನ್ನುತ್ತಿರುವ ಹಳೇ ಸ್ವಿಚ್ಚೂ ಆಗಬಹುದು. ಹಾಗಾಗಿ ಮುಖ್ಯ ಸ್ವಿಚ್ಚಿಗೆ ನೀವೇ 4096 ಕೊಡಿ.

ಹಳೆಯ ಸ್ಪ್ಯಾನಿಂಗ್ ಟ್ರೀಯಲ್ಲಿ ಪೋರ್ಟ್ ತೆರೆಯಲು ಎರಡು ಹಂತಕ್ಕೆ 15 ಮತ್ತು 15, ಒಟ್ಟು 30 ಸೆಕೆಂಡು ಬೇಕು. ಅಷ್ಟರಲ್ಲಿ ಕಂಪ್ಯೂಟರ್ ಐಪಿ ಸಿಗದೆ ಸೋಲುತ್ತದೆಂದು ಕೆಲವರು ಸ್ಪ್ಯಾನಿಂಗ್ ಟ್ರೀಯನ್ನೇ ಆಫ್ ಮಾಡಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕಂಪ್ಯೂಟರ್ ಕೂರುವ ಪೋರ್ಟುಗಳಿಗಷ್ಟೇ, ಈ ಕಾಯುವಿಕೆ ತಪ್ಪಿಸುವ ಪೋರ್ಟ್‌ಫಾಸ್ಟ್ ಹಾಕಿ, ಜೊತೆಗೆ ಬಿಪಿಡಿಯು ಗಾರ್ಡ್ ಕೂಡ. ಆಗ ಯಾರಾದರೂ ಎರಡು ಸಾಕೆಟ್ಟಿಗೆ ಒಂದೇ ಕೇಬಲ್ ಚುಚ್ಚಿದರೆ, ಬಿಪಿಡಿಯು ಬಂದ ಪೋರ್ಟ್ ತಾನೇ ಮುಚ್ಚಿಕೊಳ್ಳುತ್ತದೆ. ಉಳಿದವರ ಕೆಲಸ ನಡೆಯುತ್ತಿರುತ್ತದೆ. ಮೇಜಿನ ಮೇಲಿಡುವ ಅಗ್ಗದ ಅನ್‌ಮ್ಯಾನೇಜ್ಡ್ (ಸೆಟ್ಟಿಂಗ್ ಬದಲಿಸಲಾಗದ) ಸ್ವಿಚ್‌ಗಳಲ್ಲಿ ಸಾಮಾನ್ಯವಾಗಿ ಈ ಯಾವ ಸೌಲಭ್ಯವೂ ಇರುವುದಿಲ್ಲ. ಲೂಪ್ ಹುಡುಕುವಾಗ ಮೊದಲು ಅವುಗಳ ಹಿಂಬದಿ ನೋಡಿ.