ಬೈಲಕುಪ್ಪೆಯ ಜಮೀನು ಟಿಬೆಟಿಯನ್ನರ ಸ್ವಂತದ್ದೇ?

ಪ್ರಶ್ನೆ: ಗೋಲ್ಡನ್ ಟೆಂಪಲ್ ನೋಡಲು ಬೈಲಕುಪ್ಪೆಗೆ ಹೋಗಿದ್ದೆವು. ಬೇರೆ ದೇಶಕ್ಕೇ ಬಂದ ಹಾಗಾಯಿತು. ಅಷ್ಟೊಂದು ಜಮೀನನ್ನು ಅವರಿಗೆ ಸ್ವಂತಕ್ಕೇ ಕೊಟ್ಟಿದ್ದಾರೆಯೇ? ಇಷ್ಟು ವರ್ಷವಾದರೂ ಊರವರ ಜೊತೆ ಬೆರೆಯದೆ ಯಾಕೆ ಬೇರೆಯಾಗಿಯೇ ಇದ್ದಾರೆ?

ಸ್ವಂತದ್ದಲ್ಲ. ಸರ್ಕಾರ ಗುತ್ತಿಗೆಗೆ ಕೊಟ್ಟ ಜಾಗ ಅದು. ಅಲ್ಲಿನ ಕುಟುಂಬ ಉಳಬಹುದು, ಮನೆ ಕಟ್ಟಿಕೊಂಡು ಇರಬಹುದು, ಆದರೆ ನಮ್ಮ ನಿಮ್ಮ ಹಾಗೆ ಮಾರಲಾಗದು.

ಎರಡನೆಯ ಪ್ರಶ್ನೆಗೆ ಸ್ವಲ್ಪ ಹಿಂದೆ ಹೋಗಬೇಕು. 1959ರ ಮಾರ್ಚ್ ಕೊನೆಗೆ ದಲೈ ಲಾಮಾ ಗಡಿ ದಾಟಿ ಭಾರತಕ್ಕೆ ಬಂದರು, ಅವರ ಬೆನ್ನಿಗೇ ಸಾವಿರಾರು ಜನ. ಹೊಟ್ಟೆಪಾಡಿಗೆ ಅನೇಕರು ಹಿಮಾಲಯದ ರಸ್ತೆ ಕೆಲಸಕ್ಕೆ ಸೇರಿ ಕಲ್ಲು ಒಡೆದರು. ಹೀಗೆ ದಿಕ್ಕಿಗೊಬ್ಬರಾದರೆ ತಮ್ಮ ಭಾಷೆ, ಧರ್ಮ ಉಳಿಯುವುದಿಲ್ಲ ಎಂಬುದು ದಲೈ ಲಾಮಾ ಅವರ ಆತಂಕವಾಗಿತ್ತು. ನೆಹರು ರಾಜ್ಯಗಳನ್ನು ಜಾಗ ಕೇಳಿದಾಗ ಮೈಸೂರು ರಾಜ್ಯ ಪಿರಿಯಾಪಟ್ಟಣ ತಾಲ್ಲೂಕಿನ ಈ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಟ್ಟಿತು. 1960ರಲ್ಲಿ ಶುರುವಾದ ಆ ನೆಲೆಯ ಹೆಸರು ಲುಗ್‌ಸುಂಗ್ ಸಮ್‌ದುಪ್‌ಲಿಂಗ್. ಮುಂದೆ ಮುಂಡಗೋಡ, ಹುಣಸೂರು ಕಡೆಯ ಗುರುಪುರ, ಕೊಳ್ಳೇಗಾಲದ ಆಚೆಯ ಒಡೆಯರಪಾಳ್ಯದಲ್ಲೂ ಇಂಥ ನೆಲೆಗಳಾದವು. ಮಕ್ಕಳಿಗೆ ಟಿಬೆಟಿಯನ್ ಕಲಿಸುವ ಶಾಲೆಗಳಿಗೆಂದು ಕೇಂದ್ರ ಸರ್ಕಾರ 1961ರಲ್ಲಿ ಒಂದು ಸಂಸ್ಥೆಯನ್ನೇ ಕಟ್ಟಿತು. ಅಂದರೆ ಬೇರೆಯಾಗಿ ಇರುವುದು ಅವರ ಬಿಗುಮಾನವಲ್ಲ. ಒಂದು ದಿನ ಊರಿಗೆ ಮರಳುವಾಗ ತಮ್ಮತನ ಕೈಯಲ್ಲಿರಲಿ ಎಂದು ಎರಡೂ ಕಡೆಯವರು ಕೂತು ಮಾಡಿದ ಏರ್ಪಾಡು.

ನಾವು ನೋಡುವುದು ಚಿನ್ನದ ಬಣ್ಣದ ಬುದ್ಧನನ್ನು. ಮೊದಲು ಬಂದವರ ಕಣ್ಣಿಗೆ ಬಿದ್ದದ್ದು ಕಾಡು, ಆನೆ. ಚಳಿ ದೇಶದಲ್ಲಿ ಬಾರ್ಲಿ ಬೆಳೆದು, ಯಾಕ್ ಸಾಕಿದವರು ಇಲ್ಲಿನ ಬಿಸಿಲಿನಲ್ಲಿ ಮರ ಕಡಿದು, ಬುಡ ಕಿತ್ತು ಹೊಲ ಮಾಡಿದರು. ಕಾಯಿಲೆ ಬಿದ್ದು ಸತ್ತವರಿದ್ದಾರೆ. ಅವರ ಕೈಹಿಡಿದದ್ದು ಮೆಕ್ಕೆಜೋಳ. ಅದೊಂದೇ ಸಾಲದ್ದಕ್ಕೆ ಕೊಯ್ಲು ಮುಗಿಸಿ ಊರೂರಿಗೆ ಸ್ವೆಟರ್ ಮಾರಲು ಹೋಗುವ ರೂಢಿ ಬಂತು. ಚಳಿಗಾಲದಲ್ಲಿ ನಮ್ಮ ಪೇಟೆಗಳ ಫುಟ್‌ಪಾತ್‌ನಲ್ಲಿ ಸ್ವೆಟರ್ ಹರಡಿಕೊಂಡು ಕೂರುವ ಹೆಂಗಸರನ್ನು ನೀವೂ ನೋಡಿರುತ್ತೀರಿ.

ಕಾಗದಪತ್ರದ ಕಷ್ಟ ಮಾತ್ರ ಇನ್ನೂ ತೀರಿಲ್ಲ. ಕ್ಯಾಂಪಿನಲ್ಲಿ ಹುಟ್ಟಿ ಬೆಳೆದವರ ಬಳಿಯೂ ಇರುವುದು ‘ಆರ್‌ಸಿ’, ಅಂದರೆ ವಿದೇಶಿಯರ ನೋಂದಣಿ ಪತ್ರ. ಅದನ್ನು ಆಗಾಗ ನವೀಕರಿಸುತ್ತಿರಬೇಕು. ಪರದೇಶಕ್ಕೆ ಹೋಗಲು ಪಾಸ್‌ಪೋರ್ಟ್ ಬದಲು ಗುರುತಿನ ಪತ್ರದ ಹಳದಿ ಪುಸ್ತಕ. ಕಾನೂನಿನ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ರ ನಡುವೆ ಇಲ್ಲಿ ಹುಟ್ಟಿದವರು ಭಾರತದ ಪ್ರಜೆಗಳೇ. ದೆಹಲಿ ಹೈಕೋರ್ಟ್ 2010ರಲ್ಲಿ, ನಮ್ಮ ಹೈಕೋರ್ಟ್ 2013ರಲ್ಲಿ ಇದನ್ನು ಎತ್ತಿಹಿಡಿದವು. ಆದರೆ 2017ರಲ್ಲಿ ಪಾಸ್‌ಪೋರ್ಟ್ ಬೇಕಾದವರು ಆರ್‌ಸಿ ಒಪ್ಪಿಸಬೇಕು, ಸೆಟ್ಲ್‌ಮೆಂಟಿನಲ್ಲಿ ವಾಸ ಮಾಡಬಾರದು ಎಂಬ ಷರತ್ತುಗಳು ಬಂದವು. ಅಪ್ಪ ಅಮ್ಮನ ಮನೆಯೋ ಪಾಸ್‌ಪೋರ್ಟೋ ಎಂದು ಮಕ್ಕಳನ್ನು ಕೇಳುವುದು ನನಗಂತೂ ಸರಿ ಕಾಣುವುದಿಲ್ಲ. ಎಷ್ಟೋ ಯುವಕರು ಈಗ ಅಮೆರಿಕ, ಕೆನಡಾಕ್ಕೆ ಹೋಗಿದ್ದಾರೆ. ಕ್ಯಾಂಪಿನ ಮನೆಗಳಲ್ಲಿ ಮುದುಕರೇ ಹೆಚ್ಚು.

ಇನ್ನು ಬೆರೆಯುವುದಿಲ್ಲ ಎಂಬ ಮಾತು. ಅವರ ಹೊಲದಲ್ಲಿ ಮೊದಲಿನಿಂದಲೂ ದುಡಿದವರು ಸುತ್ತಮುತ್ತಲ ಹಳ್ಳಿಯವರು. ಅವರ ಸಂತೆ, ಸಾಮಾನು ಎಲ್ಲಾ ಕುಶಾಲನಗರದಲ್ಲಿ. ಮುಂದಿನ ಸಲ ಹೋದಾಗ ದೇವಸ್ಥಾನ ನೋಡಿ ಹಾಗೇ ಬಸ್ ಹತ್ತಬೇಡಿ. ಕ್ಯಾಂಪಿನ ರಸ್ತೆಯಲ್ಲಿ ಒಂದಷ್ಟು ದೂರ ನಡೆಯಿರಿ. ಜಗಲಿಯಲ್ಲಿ ಕೂತ ಅಜ್ಜಿಯ ಬಲಗೈಯಲ್ಲಿ ಪ್ರಾರ್ಥನಾ ಚಕ್ರ ತಿರುಗುತ್ತಿರುತ್ತದೆ, ಮಂತ್ರ ಅರ್ಧಕ್ಕೆ ನಿಲ್ಲುತ್ತದೆ, ತರಕಾರಿ ಗಾಡಿಯವನ ಜೊತೆ ಟೊಮೆಟೊ ರೇಟಿಗೆ ಚೌಕಾಸಿ ನಡೆಯುತ್ತದೆ. ಅದು ಕನ್ನಡದಲ್ಲೇ.